ಅಮಾವಾಸ್ಯೆಯ ಮರುದಿನದ ಹೊಗೆ

ಹಿರೇಬೆಂಡಿಗೇರಿ
೪ ಜನವರಿ ೨೦೨೬, ಭಾನುವಾರ

ಶೈಲಾಳ ಅಪ್ಪನಿಗೆ ಹೇಮಾಳ ನಮಸ್ಕಾರಗಳು.

ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಿ, ಲಾರಿಯ ಸಪ್ಪಳ ನಿಂತ ಮೇಲಾದರೂ ಸ್ವಲ್ಪ ನಿದ್ದೆ ಮಾಡುತ್ತೀರಿ ಎಂದು ನನಗೆ ನಾನೇ ಹೇಳಿಕೊಂಡು ಈ ಪತ್ರ ಶುರು ಮಾಡಿದ್ದೇನೆ. ನಾವಿಲ್ಲಿ ಎಲ್ಲರೂ ಇದ್ದೇವೆ. ನನ್ನದೊಂದು ಪತ್ರ ದೀಪಾವಳಿಯ ಹೊತ್ತಿಗೇ ನಿಮ್ಮ ಕೈ ಸೇರಬೇಕಿತ್ತು. ತಡವಾಯಿತು, ಸಿಟ್ಟಾಗಬೇಡಿ. ಬೋರ್‌ವೆಲ್ ಲಾರಿಗೆ ವಿಳಾಸ ಎಲ್ಲಿಂದ ತರುವುದು? ಇವತ್ತು ಒಂದು ಊರಿನಲ್ಲಿ ಕೊರೆಯುತ್ತೀರಿ, ನಾಳೆ ಇನ್ನೊಂದರಲ್ಲಿ. ಹಿಂದಿನ ಓಣಿಯ ಮಹಾಂತೇಶ ನಿಮ್ಮ ಲಾರಿಗೇ ಕೆಲಸಕ್ಕೆ ಬರುತ್ತೇನೆ ಎಂದಿದ್ದರಿಂದ ಅವನ ಕೈಯಲ್ಲಿ ಕೊಡೋಣ ಎಂದು ಕಾದೆ. ಅವನು ಮೊದಲು ದೀಪಾವಳಿ ಎಂದ, ಆಮೇಲೆ ಎಳ್ಳ ಅಮಾವಾಸ್ಯೆ ಎಂದ, ಈಗ ಸಂಕ್ರಾಂತಿ ಎನ್ನುತ್ತಿದ್ದಾನೆ. ಅವನೊಬ್ಬನನ್ನೇ ದೂರಿದರೆ ತಪ್ಪಾಗುತ್ತದೆ. ನಾನೂ ಬರೆಯುವುದು, ನಿಲ್ಲಿಸುವುದು, ಹರಿದು ಒಲೆಗೆ ಹಾಕುವುದು ಮಾಡಿದ್ದೇನೆ. ಐದನೆಯ ತರಗತಿಗೆ ಶಾಲೆ ಬಿಟ್ಟ ಕೈ ಇದು. ಈಗ ಶೈಲಾಳ ಜೊತೆ ಕೂತು ಅವಳ ಪುಸ್ತಕ ಓದುತ್ತ ಓದುತ್ತ ಸ್ವಲ್ಪ ಸಾಗುತ್ತಿದೆ.

ಫೋನ್ ಇದೆಯಲ್ಲ ಎನ್ನುತ್ತೀರಿ. ಇದೆ. ಭಾನುವಾರ ನೀವು ಫೋನ್ ಮಾಡಿದಾಗ ಅತ್ತೆ ಅದನ್ನು ಕಟ್ಟೆಯ ಮೇಲೆ ಇಟ್ಟು ಸ್ಪೀಕರ್ ಹಾಕಿಸುತ್ತಾರೆ. ಮೊದಲು ಅತ್ತೆ ಮಾತಾಡುತ್ತಾರೆ, ಆಮೇಲೆ ಶೈಲಾ, ಆಮೇಲೆ ನೀಲಪ್ಪ ಕಾಕಾ. ದಾರಿಯಲ್ಲಿ ಹೋಗುವವರೂ ನಿಂತು "ಹಾಲೇಶಣ್ಣಾ, ಅಲ್ಲಿ ನೀರು ಬೀಳಾಕತ್ತಾವೇನು?" ಎಂದು ಕೇಳಿ ಹೋಗುತ್ತಾರೆ. ನನ್ನ ಸರದಿ ಬರುವ ಹೊತ್ತಿಗೆ ನಿಮ್ಮ ಕಡೆ ಯಾರೋ ಕೂಗುತ್ತಾರೆ. "ಆರಾಮ ಅದೀಯಲ್ಲ?" ಎನ್ನುತ್ತೀರಿ. "ಹೂಂ" ಎನ್ನುತ್ತೇನೆ. ಅಷ್ಟು ಜನರ ನಡುವೆ ಇನ್ನೇನು ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ಹೇಳಬೇಕಾದದ್ದು ನಿಮ್ಮ ಮೋಟರ್‌ಸೈಕಲ್ ಗಾಡಿಯ ವಿಷಯ. ಮಾರುವುದೆಂದು ಮಾತಾಗಿ, ಮಾರದೆ ಉಳಿದದ್ದು ಯಾಕೆ ಎಂದು ಕಾಕಾ ನಿಮಗೆ ಬೇರೆ ರೀತಿ ಹೇಳಿರುತ್ತಾರೆ. "ನಿನ್ನ ಹೇಣ್ತಿ ನನ್ನ ಮಾನ ಕಳದ್ಲು" ಎಂದಿರುತ್ತಾರೆ. ನಡೆದದ್ದು ಹೀಗೆ.

ನೀವು ಹೋದ ಮೇಲೆ ನಾನು ಗಾಡಿ ಕಲಿತದ್ದು ನಿಮಗೆ ಗೊತ್ತೇ ಇದೆ. ಕಣದಲ್ಲಿ ಬಿದ್ದು ಎದ್ದು ಕಲಿತೆ. ಓಣಿಯ ಹೆಂಗಸರು "ಹೇಮವ್ವ ಇಮಾನ ಬಿಡಾಕ ಕಲಿಯಾಕತ್ತಾಳ" ಎಂದು ನಕ್ಕರು. ಆಮೇಲೆ ಅದೇ ಹೆಂಗಸರು ನಸುಕಿನಲ್ಲಿ ಎದ್ದು ಕಟಕ್ ರೊಟ್ಟಿ ಬಡಿಯುವುದು, ನಾನು ಅವನ್ನು ಬುಟ್ಟಿಯಲ್ಲಿ ಬಿಳಿ ಬಟ್ಟೆ ಮುಚ್ಚಿ ಗಾಡಿಗೆ ಕಟ್ಟಿಕೊಂಡು ಶಿಗ್ಗಾಂವಿ, ಸವಣೂರಿನ ಖಾನಾವಳಿಗಳಿಗೆ ಮುಟ್ಟಿಸುವುದು ರೂಢಿಯಾಯಿತು. ಅಂದರೆ ಈ ಗಾಡಿ ನಿಂತರೆ ನಮ್ಮ ಒಲೆಯೊಂದೇ ಅಲ್ಲ, ಓಣಿಯ ಅಷ್ಟೂ ಒಲೆಗಳ ಕೆಲಸ ನಿಲ್ಲುತ್ತದೆ. ನನಗೆ ಬೆನ್ನು ನೋವು, ನಿದ್ದೆ ಸಾಲದು. ಸವಣೂರಿನಿಂದ ಬರುವಾಗ ಕೆಲವು ಸಲ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತೇನೆ. ಆದರೂ ನಡೆದಿತ್ತು.

ಮಹಾನವಮಿ ಅಮಾವಾಸ್ಯೆಯ ಸುಮಾರಿಗೆ ಗಾಡಿ ಹೊಗೆ ಬಿಡಲು ಶುರು ಮಾಡಿತು. ಬಿಳಿ ಹೊಗೆ, ಸುಟ್ಟ ಎಣ್ಣೆಯ ವಾಸನೆ. ಏರು ಬಂದರೆ ಕೆಮ್ಮುವುದು, ನಡುದಾರಿಯಲ್ಲಿ ನಿಲ್ಲುವುದು. ಸೀಟಿನ ಕೆಳಗಿನ ಕಪ್ಪು ಡಬ್ಬಿಯಿಂದ ಎಣ್ಣೆ ತೊಟ್ಟಿಕ್ಕಿ ನನ್ನ ಸೀರೆಯ ಅಂಚೆಲ್ಲ ಕಪ್ಪಾಯಿತು. ಸವಣೂರಿನ ಖಾನಾವಳಿಯ ಯಂಕವ್ವ ಒಂದು ದಿನ ಬುಟ್ಟಿಯ ಬಟ್ಟೆ ತೆಗೆದವಳೇ ಮೂಗು ಮುಚ್ಚಿದಳು.

"ಯವ್ವಾ, ನಿನ್ನ ರೊಟ್ಟಿ ನೀನ ಮೂಸಿ ನೋಡು. ಗ್ಯಾರೇಜಿನ ವಾಸನಿ ಬರತೈತಿ. ನಿನ್ನೆ ಉಣ್ಣಾಕ ಬಂದಾವ ಏನಂದ ಗೊತ್ತೈತೇನು? ‘ಯಂಕವ್ವಾ, ಒಗ್ಗರಣಿ ಪೆಟ್ರೋಲಿನ್ಯಾಗ ಕೊಟ್ಟೀಯೇನು’ ಅಂದ."

ಸುತ್ತಲಿದ್ದವರು ನಕ್ಕರು. ನಾನು ಬುಟ್ಟಿ ಕಟ್ಟಿಕೊಂಡು ಮನೆಗೆ ಹಿಂತಿರುಗಿದೆ. ಆ ರೊಟ್ಟಿಯನ್ನು ನಾವೇ ಮನೆಯಲ್ಲಿ ತಿಂದೆವು. ಶೈಲಾ "ಚಲೋ ಅದಾವ ಬೇ, ಬಸ್ಸಿನ್ಯಾಗ ಕುಂತು ಉಂಡಂಗ ಆಗತೈತಿ" ಎಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶಿಗ್ಗಾಂವಿಯಲ್ಲಿ ಹೈವೇ ಪಕ್ಕ ಗ್ಯಾರೇಜ್ ಇಟ್ಟಿರುವ ಮುಸ್ತಾಕಣ್ಣನ ಹತ್ತಿರ ಹೋದೆ. ಹೊಗೆ ಶುರುವಾದ ದಿನವೇ ಹೋಗಲು ಆಗಲಿಲ್ಲ. ರೊಟ್ಟಿ ಬಿಟ್ಟು ಹೋಗುವುದು ಹೇಗೆ? ಬಿಡುವಾಗುವಷ್ಟರಲ್ಲಿ ಹುಣ್ಣಿಮೆ ಹತ್ತಿರ ಬಂದಿತ್ತು. ಅವನು ಆ ಕಪ್ಪು ಡಬ್ಬಿಯ ಮುಚ್ಚಳ ಬಿಚ್ಚಿದ. ಒಳಗಿದ್ದ ಸ್ಪಂಜು ಎಣ್ಣೆಯ ಕಡಾಯಿಯಿಂದ ಈಗ ತೆಗೆದ ಮಿರ್ಚಿಯಂತೆ ತೊಟ್ಟಿಕ್ಕುತ್ತಿತ್ತು. ಕೆಳಗಿನ ಸಣ್ಣ ಪೈಪಿನ ಬಿರಡೆ ಕಿತ್ತರೆ ಕರಿ ಎಣ್ಣೆ ನೆಲಕ್ಕೆ ಸುರಿಯಿತು.

"ಇದು ಏರ್‌ಕ್ಲೀನರ್ ಅಕ್ಕಾ. ಎಂಜಿನ್ನಿಗೆ ಗಾಳಿ ಸೋಸಿ ಕೊಡೂದು ಇದರ ಕೆಲಸ. ಇದರಾಗ ಎಣ್ಣಿ ಇರಬಾರದು."

"ಮತ್ತ ಎಲ್ಲಿಂದ ಬಂತು ಅಣ್ಣಾ?"

ಅವನು ಎಂಜಿನ್ನಿನಿಂದ ಆ ಡಬ್ಬಿಗೆ ಹೋಗುವ ರಬ್ಬರಿನ ಪೈಪನ್ನು ಬೆರಳಿನಿಂದ ತೋರಿಸಿದ. "ಪಿಸ್ಟನ್ ಬಡಿಯೂಮುಂದ ಒಳಗ ಗಾಳಿ ಒತ್ತತೈತಿ. ಅದು ಹೊರಗ ಬರಬೇಕಲ್ಲ, ಅದಕ್ಕ ಈ ದಾರಿ. ಎಂಜಿನ್ ಉಸಿರಾಡೂದು ಅನ್ನು. ಬರೇ ಉಸಿರು ಬಂದ್ರ ಚಿಂತಿಲ್ಲ. ಈಗ ಉಸಿರಿನ ಕೂಡ ಎಣ್ಣಿನೂ ಎದ್ದು ಬರಾಕತ್ತೈತಿ. ಅದನ್ನ ಮತ್ತ ಎಂಜಿನ್ನ ಕುಡದು ಹೊಗಿ ಬಿಡಾಕತ್ತೈತಿ."

ಎಂಜಿನ್ನಿನಲ್ಲಿ ಎಣ್ಣೆ ಹೆಚ್ಚಾದರೂ ಹೀಗಾಗುತ್ತದೆ ಎಂದು ಅವನು ಎಣ್ಣೆ ಅಳೆಯುವ ಕಡ್ಡಿ ತೆಗೆದು ನೋಡಿದ. ಎಣ್ಣೆ ಎರಡು ಗೆರೆಗಳ ನಡುವೆ ಸರಿಯಾಗಿಯೇ ಇತ್ತು. "ಹಂಗಾರ ಪಿಸ್ಟನ್ ರಿಂಗ್ ಸವದಾವ, ಸಿಲಿಂಡರ್ ಬೋರೂ ಹೋಗಿರಬೇಕು. ಹಳೇ ಗಾಡಿ ಅಕ್ಕಾ. ಮಾಡಿಸಾಕ ಹೋದ್ರ ಗಾಡಿಗಿಂತ ರಿಪೇರಿನ ಭಾರ ಆಗತೈತಿ" ಎಂದ. ಆ ದಿನ ಎಲ್ಲ ತೊಳೆದು ಒರೆಸಿ ಕೊಟ್ಟ. ಸ್ಪಂಜನ್ನು ಹೇಗೆ ಸೀಮೆಎಣ್ಣೆಯಲ್ಲಿ ಅದ್ದಿ, ಸೋಪಿನ ನೀರಲ್ಲಿ ಹಿಂಡಿ, ಬಿಸಿಲಿಗೆ ಇಡಬೇಕು ಎಂದು ತೋರಿಸಿಕೊಟ್ಟ. ಮುಂದೆ ನಾನೇ ಮಾಡತೊಡಗಿದೆ. ಅಂಗಳದ ಕಲ್ಲಿನ ಮೇಲೆ ಒಣಗಲಿಟ್ಟದ್ದನ್ನು ಕಂಡು ಓಣಿಯವರು "ಹೇಮವ್ವ ಗಾಡಿಗೂ ಎಣ್ಣಿ ಹಚ್ಚಿ ಎರಿಯಾಕತ್ತಾಳ" ಎಂದು ಮತ್ತೊಮ್ಮೆ ನಕ್ಕರು. ನಗಲಿ ಬಿಡಿ.

ತೊಳೆದ ಮೇಲೆ ಗಾಡಿ ಚೆನ್ನಾಗಿಯೇ ಓಡಿತು. ಯಂಕವ್ವನೂ ರೊಟ್ಟಿ ತೆಗೆದುಕೊಂಡಳು. ಆಮೇಲೆ ದೀಪಾವಳಿಯ ಅಮಾವಾಸ್ಯೆ ಬಂತು. ಮರುದಿನ ಬೆಳಿಗ್ಗೆ ಕಿಕ್ ಹೊಡೆದರೆ ಅಂಗಳವೆಲ್ಲ ಬಿಳಿ. ಡಬ್ಬಿ ತೆಗೆದರೆ ಮತ್ತೆ ಎಣ್ಣೆಯ ಹೊಂಡ. ಮುಸ್ತಾಕಣ್ಣನಿಗೆ ಹೇಳಿದಾಗ ನಕ್ಕ. "ಎಂಜಿನ್ನಿಗೂ ಅಮಾಸಿ ಹುಣ್ಣಿಮಿ ತಿಳಿತಾವೇನು ಅಕ್ಕಾ?" ಎಂದ. ನನಗೂ ಹುಚ್ಚು ಎನಿಸಿತು.

ನೀಲಪ್ಪ ಕಾಕಾ ಅಷ್ಟರಲ್ಲಿ ಹಾನಗಲ್ಲಿನ ಹಳೇ ಗಾಡಿ ವ್ಯಾಪಾರಿ ಉಳಿವೆಪ್ಪನಿಗೆ ಮಾತು ಕೊಟ್ಟಿದ್ದರು. "ಗುಜರಿ ಆಗೂಕಿಂತ ಮೊದಲ ಕೊಟ್ಟಬಿಡೂಣು. ಹೆಣಮಗಳು ಗಾಡಿ ಮ್ಯಾಲೆ ಊರೂರು ತಿರಗೂದೂ ತಪ್ಪತೈತಿ" ಎಂದು ಫೋನಿನಲ್ಲಿ ನಿಮಗೆ ಹೇಳಿದರು. "ಕೊಟ್ಟಬಿಡ್ರಿ ಕಾಕಾ" ಎಂದಿರಿ. ಸ್ಪೀಕರಿನಲ್ಲಿ ಎಲ್ಲರೂ ಕೇಳಿದರು. ನಾನು ಅಲ್ಲೇ ಬಾಗಿಲ ಹತ್ತಿರ ಜೋಳ ಹಸನು ಮಾಡುತ್ತಿದ್ದೆ. ಆ ಭಾನುವಾರ ನನ್ನ ಸರದಿಯೂ ಬರಲಿಲ್ಲ. ಮುಂದಿನ ತಿಂಗಳ ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಉಳಿವೆಪ್ಪ ಬರುವುದೆಂದು ಮಾತಾಯಿತು.

ಆ ಅಮಾವಾಸ್ಯೆಯ ಬೆಳಿಗ್ಗೆ ಎಂದಿನಂತೆ ನಾನು ಎದುರು ಮನೆಯಲ್ಲಿ ರೊಟ್ಟಿ ಬಡಿಯಲು ಹೋಗಿದ್ದೆ. ಬಟ್ಟೆ ಮರೆತಿದ್ದೆ, ತರಲೆಂದು ಹಿತ್ತಲಿಂದ ಬಂದೆ. ಅಂಗಳದಲ್ಲಿ ಅತ್ತೆ ಗಾಡಿಗೆ ಪೂಜೆ ಮಾಡುತ್ತಿದ್ದರು. ಪ್ರತಿ ಅಮಾವಾಸ್ಯೆಗೂ ಮಾಡುತ್ತಾರೆ, ಅದರಲ್ಲಿ ಹೊಸದಿಲ್ಲ. ಗಾಲಿಗೆ ನೀರು ಹಾಕಿ, ವಿಭೂತಿ ಕುಂಕುಮ ಹಚ್ಚಿ, ಚಂಡು ಹೂವು ಏರಿಸಿ, ನಿಂಬೆಹಣ್ಣು ಇಟ್ಟಿದ್ದರು. ಕಾಯಿ ಒಡೆದಾಗಿತ್ತು. ಆಮೇಲೆ ಅವರು ದೇವರ ಗೂಡಿನಿಂದ ಎಣ್ಣೆಯ ಮಿಳ್ಳೆ ತಂದರು. ದೀಪಕ್ಕೆ ಎಣ್ಣೆ ಹಾಕುವ ಅದೇ ಹಿತ್ತಾಳೆಯ ಮಿಳ್ಳೆ. ಕುಂತುಕೊಂಡು ಎಂಜಿನ್ನಿನ ಮುಚ್ಚಳ ತಿರುಗಿಸಿ ತೆಗೆದರು. ಕಡ್ಡಿಯನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟರು. ಮಿಳ್ಳೆಯಿಂದ ಎಣ್ಣೆ ಹೊಯ್ದರು. ಮತ್ತೆ ಬಾಟಲಿಯಿಂದ ಮಿಳ್ಳೆ ತುಂಬಿಕೊಂಡರು, ಮತ್ತೆ ಹೊಯ್ದರು. ಪಣತಿಯ ಅಂಚಿಗೆ ಎಣ್ಣೆ ಬರುವವರೆಗೆ ಹೇಗೆ ಹೊಯ್ಯುತ್ತೇವೆಯೋ ಹಾಗೆ, ಬಾಯಿಯ ತನಕ. ಆಮೇಲೆ ಮುಚ್ಚಳ ಹಾಕಿ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟು ಕೈ ಮುಗಿದರು.

ನಾನು ಗೋಡೆಗೆ ಆತು ನಿಂತೆ. ಕೇಳಿದೆ, "ಅತ್ತೀ, ಏನು ಮಾಡಾಕತ್ತೀರಿ?"

"ಕಾಣೂದಿಲ್ಲೇನು? ಎಣ್ಣಿ ಹಾಕಾಕತ್ತೇನಿ."

"ಯಾವಾಗಿನಿಂದ ಹಾಕಾಕತ್ತೀರಿ?"

"ನನ್ನ ಮಗ ಬಿಟ್ಟು ಹೋದ ಎಣ್ಣಿ ಡಬ್ಬಿ ಮಳಿಗಾಲ ಮುಗಿಯೂಮುಂದ ಕೈಗೆ ಸಿಕ್ತು. ಆಗಿನಿಂದ. ಡಬ್ಬಿ ತೀರಿದ ಮ್ಯಾಲೆ ಮಹಾಂತ್ಯಾನ ಕಡಿಂದ ಶಿಗ್ಗಾಂವಿಂದ ತರಸ್ತೇನಿ. ಪಿಂಚಣಿ ರೊಕ್ಕದಾಗ." ಮಿಳ್ಳೆಯ ಬಾಯಿ ಒರೆಸುತ್ತ ಅತ್ತೆ ಹೇಳಿದರು, "ಹೋಗೂ ದಿನ ಹಾಲ್ಯಾ ಬಾಗಲದಾಗ ನಿಂತು ನನಗ ಹೇಳಿದ್ದ ಐತಿ, ‘ಅವ್ವಾ, ಗಾಡಿ ಎಣ್ಣಿ ಕಮ್ಮಿ ಆಗಾಕ ಬಿಡಬ್ಯಾಡ’ ಅಂತ. ನಿನಗ ಗಾಡಿ ಹೊಡಿಯಾಕ ಬರತೈತಿ, ನನಗ ಬರಂಗಿಲ್ಲ. ನನ್ನ ಕೈಲಾಗೂದು ಇದು. ಕಮ್ಮಿ ಆಗಾಕ ಬಿಟ್ಟಿಲ್ಲ ನೋಡು."

ಅವರ ಮುಖದಲ್ಲಿ ಎಂಥ ಸಮಾಧಾನ ಇತ್ತೆಂದು ನಿಮಗೆ ಹೇಗೆ ಬರೆದು ತಿಳಿಸಲಿ? ನೀವು ಹೋದ ಮೇಲೆ ಅವರು ಹಾಗೆ ನಿಶ್ಚಿಂತೆಯಿಂದ ಇದ್ದುದನ್ನು ನಾನು ನೋಡಿರಲಿಲ್ಲ. ಊರಲ್ಲಿ ಯಾರಾದರೂ ಬೋರ್‌ವೆಲ್ ಕೆಲಸದಲ್ಲಿ ಕೈ ಕಳೆದುಕೊಂಡವರ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತಾರಲ್ಲ, ಆಮೇಲೆ ಒಬ್ಬರೇ ಹೊರಗೆ ಬಂದು ಗಾಡಿಯ ಪಕ್ಕ ಕೂರುವುದನ್ನು ಕಂಡಿದ್ದೆ. ಯಾಕೆಂದು ಈಗ ತಿಳಿಯಿತು. ಮಗನ ಗಾಡಿಯಲ್ಲಿ ಎಣ್ಣೆ ತುಂಬಿದೆ, ಮಗನೂ ಸುಖವಾಗಿದ್ದಾನೆ. ಅವರ ಲೆಕ್ಕ ಅದು. ನಾನು ಬಟ್ಟೆ ತೆಗೆದುಕೊಂಡು ಹೋದೆ.

ಮರುದಿನ ರೊಟ್ಟಿಯನ್ನು ಬಸ್ಸಿಗೆ ಹಾಕಿ ಕಳಿಸಿ, ಗಾಡಿಯನ್ನು ಸ್ಟಾರ್ಟ್ ಮಾಡದೆ ಮಹಾಂತೇಶನ ಟಂಟಂ ರಿಕ್ಷಾದಲ್ಲಿ ಏರಿಸಿ ಶಿಗ್ಗಾಂವಿಗೆ ಒಯ್ದೆ. ಮುಸ್ತಾಕಣ್ಣ ಕಡ್ಡಿ ಎಳೆದವನೇ ಕಣ್ಣು ಅಗಲಿಸಿದ. "ಅಕ್ಕಾ, ಇದು ಎಂಜಿನ್ನೋ ಬಾವ್ಯೋ? ಬಾಯಿ ಮಟಾ ಐತಲ್ಲ!" ನಾನು ಪ್ರತಿ ಸಲ ತಡವಾಗಿ ಹೋಗುತ್ತಿದ್ದೆ, ಅಷ್ಟರಲ್ಲಿ ಹೆಚ್ಚಿನದೆಲ್ಲ ಆ ಪೈಪಿನಲ್ಲಿ ಎದ್ದು ಡಬ್ಬಿಗೆ ಬಂದು, ಸೋರಿ, ಸುಟ್ಟು ಕಡ್ಡಿಯ ಗೆರೆ ಸರಿಯಾಗಿ ಕಾಣುತ್ತಿತ್ತು ಎಂದು ಅವನಿಗೂ ಆಗ ಹೊಳೆಯಿತು. ಹೆಚ್ಚಿನ ಎಣ್ಣೆ ತೆಗೆದು, ಡಬ್ಬಿ ತೊಳೆದು, ಸ್ಪಂಜು ಒಣಗಿಸಿ ಹಾಕಿ ಕಿಕ್ ಹೊಡೆದ. ಹೊಗೆಯೇ ಇಲ್ಲ. "ರಿಂಗಿಗೆ ಏನೂ ಆಗಿಲ್ಲ. ನಾನ ತಪ್ಪು ತಿಳಕೊಂಡಿದ್ದೆ. ಯಾರು ಹಾಕಿದ್ರು ಇಷ್ಟು ಎಣ್ಣಿ?"

ನಾನು ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಕಾಲಿನಿಂದ ಮಣ್ಣು ಎಳೆಯತೊಡಗಿದೆ.

"ಹಾಕಿದಾವ್ರಿಗೆ ಹೇಳಬೇಕು ಅಕ್ಕಾ. ಎರಡು ಗೆರಿ ನಡುವ ಇರಬೇಕು ಅಂತ."

"ಹೇಳಾಕ ಬರಂಗಿಲ್ಲ ಅಣ್ಣಾ."

ಅವನು ನನ್ನ ಮುಖ ನೋಡಿದ. ಮುಚ್ಚಳದ ಮೇಲಿನ ಕುಂಕುಮ ನೋಡಿದ. ಒರೆಸಲು ಹೋದ ಬಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡ. "ಆತು. ಅಮಾಸಿ ಮರುದಿನ ಗಾಡಿ ತಗೊಂಡು ಬಾ. ಚಹಾ ಕುಡಿಯೂದ್ರಾಗ ತಗದು ಕೊಡ್ತೇನಿ" ಎಂದ. ಅಷ್ಟೇ.

ಉಳಿವೆಪ್ಪ ಬರುವ ದಿನ ನನಗೆ ಎರಡು ಕಡೆಯಿಂದಲೂ ಇಕ್ಕಟ್ಟು. ಗಾಡಿ ಕೆಟ್ಟಿರಲೇ ಇಲ್ಲ, ಅತ್ತೆ ಎಣ್ಣೆ ಹೆಚ್ಚು ಹಾಕುತ್ತಿದ್ದರು ಎಂದು ಒಂದು ಮಾತು ಹೇಳಿದರೆ ಸಾಕು, ಮಾರಾಟ ನಿಲ್ಲುತ್ತಿತ್ತು. ಆದರೆ ಕಾಕಾನ ಬಾಯಿ ನಿಮಗೆ ಗೊತ್ತಲ್ಲ. ಸಂಜೆಯೊಳಗೆ ಅತ್ತೆಯ ಹೆಸರು ಹಿಡಿದು "ಗುತ್ತೆವ್ವ ಗಾಡಿಗೆ ದೀಪಾ ಹಚ್ಚ್ಯಾಳ" ಎಂದು ಊರೆಲ್ಲ ನಗುತ್ತಿತ್ತು. ಅತ್ತೆ ಮತ್ತೆ ಆ ಮಿಳ್ಳೆ ಮುಟ್ಟುತ್ತಿರಲಿಲ್ಲ. ಹೇಳದಿದ್ದರೆ ಗಾಡಿ ಹೋಗುತ್ತಿತ್ತು.

ಉಳಿವೆಪ್ಪ ಕಿಕ್ ಹೊಡೆದ. ಗಾಡಿ ಮೊದಲ ಕಿಕ್ಕಿಗೇ ಎದ್ದಿತು. ಅವನು ಸೈಲೆನ್ಸರಿನ ಹಿಂದೆ ಕೈ ಹಿಡಿದು ಮೂಸಿದ. "ನೀಲಪ್ಪಣ್ಣಾ, ಹೊಗಿ ಬಿಡತೈತಿ ಅಂದಿದ್ಯಲ್ಲ? ಇದು ನಮ್ಮ ಮನಿ ಒಲಿಕಿಂತ ಚಲೋ ಐತಿ. ಒಯ್ತೇನಿ" ಎಂದ. ಸರಿ ಮಾಡಿಸಿದ್ದೇ ತಪ್ಪಾಯಿತು ನೋಡಿ. ಕಾಕಾ "ಮೊನ್ನಿ ಮಟಾ ಬಿಡತಿತ್ತಪಾ" ಎಂದು ತಲೆ ಕೆರೆದುಕೊಂಡರು.

ನಾನು ಬಾಗಿಲಲ್ಲಿ ನಿಂತಿದ್ದೆ. "ಕೊಡೂದಿಲ್ರಿ" ಎಂದೆ. ಎಂದೆನೋ, ಬರೀ ತುಟಿ ಅಲುಗಿತೋ ತಿಳಿಯದು.

"ಏನಂದ್ರಿ?" ಎಂದ ಉಳಿವೆಪ್ಪ.

ಅತ್ತೆ ಒಳಗಿಂದ ಹಿಟ್ಟಿನ ಕೈಯಲ್ಲೇ ಬಂದರು. "ಕೊಡೂದಿಲ್ಲ ಅಂದ್ಲು. ಕಿವಿ ಕೇಳೂದಿಲ್ಲೇನು? ಹಾನಗಲ್ಲಿಂದ ಇಲ್ಲಿ ಮಟಾ ಗಾಡಿ ಸಪ್ಪಳ ಕೇಳಿ ಬರತಿ, ಎದುರಿಗೆ ನಿಂತ ಹೆಣಮಗಳ ಮಾತು ಕೇಳೂದಿಲ್ಲ."

ಕಾಕಾ ಸಿಟ್ಟಾದರು. "ಏ ವೈನೀ, ಹಾಲೇಶ ಫೋನಿನ್ಯಾಗ ಕೊಡ್ರಿ ಅಂದಾನ. ನೀನೂ ಕೇಳೀಯಲ್ಲ."

"ಫೋನಿನ್ಯಾಗ ಅಂದಿದ್ದು ಬ್ಯಾರೆ ನೀಲಪ್ಪಾ. ಬಾಗಲದಾಗ ನಿಂತು ಅಂದಿದ್ದು ಬ್ಯಾರೆ. ಬಾಗಲದಾಗ ನಿಂತು ನನ್ನ ಮಗ ಏನು ಹೇಳಿ ಹೋಗ್ಯಾನ ನನಗ ಗೊತ್ತೈತಿ. ಆಕಿ ಹೊಡಿತಾಳ, ನಾ ನೋಡಕೋತೇನಿ. ಅವ ಬಂದ ಮ್ಯಾಲೆ ಬೇಕಾರ ಮಾರಲಿ."

ಉಳಿವೆಪ್ಪ ಚಹಾ ಕುಡಿದು ಹೋದ. ಕಾಕಾ ಚಹಾ ಕುಡಿಯದೆ ಹೋದರು. ಹೀಗೆ ಗಾಡಿ ಉಳಿಯಿತು.

ಆದರೆ ಉಳಿದದ್ದು ಹೇಗೆ ಉಳಿದಿದೆ ನೋಡಿ. ಎಳ್ಳ ಅಮಾವಾಸ್ಯೆಗೆ ಅತ್ತೆ ಮತ್ತೆ ಬಾಯಿಯ ತನಕ ತುಂಬಿದರು. ಹೊಲಕ್ಕೆ ಭೂಮಿತಾಯಿಯ ಎಡೆಯ ಚರಗ ಚೆಲ್ಲಲು ಹೋಗುವವರಿಗೆಲ್ಲ ಸಜ್ಜೆ ರೊಟ್ಟಿ ಬೇಕಾಗಿ ಆ ವಾರ ಕೈಗೆ ಬಿಡುವೇ ಇರಲಿಲ್ಲ. ಆದರೂ ಮರುದಿನ ಮುಸ್ತಾಕಣ್ಣನ ಮುಂದೆ ಹೋಗಿ ನಿಂತೆ. ಅವನು ತೆಗೆದ ಎಣ್ಣೆಯನ್ನು ದಂಡ ಮಾಡಲು ಮನಸ್ಸಾಗದೆ ತಂದು ಅತ್ತೆಯ ಬಾಟಲಿಗೇ ಹಾಕಿಟ್ಟೆ. ಅತ್ತೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು "ಮಹಾಂತ್ಯಾ ಈ ಸಲ ಎಂಥಾ ಬಾಟ್ಲಿ ತಂದಾನವಾ, ತೀರಂಗ ಇಲ್ಲ. ಬಣ್ಣ ಅಷ್ಟ ಕರಗ ಆಗೇತಿ" ಎಂದರು. ಮಹಾಂತೇಶ ಪಕ್ಕದಲ್ಲೇ ಇದ್ದ. ಅವನು ಕೆಮ್ಮುತ್ತ ಹೊರಗೆ ಹೋದ.

ಅತ್ತೆ ತುಂಬುವುದು, ನಾನು ತೆಗೆಸುವುದು. ತಿಂಗಳಿಗೊಮ್ಮೆ ಇದೇ ಆಯಿತು. ನನಗೆ ದಣಿವಾಗಿದೆ. ರೊಟ್ಟಿಯಿಂದ ಅಲ್ಲ, ಗಾಡಿಯಿಂದ ಅಲ್ಲ. ಹೇಳದೆ ಇರುವುದರಿಂದ.

ಅದಕ್ಕೆ ನಿಮ್ಮಲ್ಲಿ ಒಂದು ಬೇಡಿಕೆ. ಇದನ್ನು ನಿಲ್ಲಿಸಲು ನಿಮ್ಮಿಂದ ಮಾತ್ರ ಆಗುತ್ತದೆ. ಆದರೆ ಎಣ್ಣೆ ಹಾಕಬೇಡ ಎಂದು ಮಾತ್ರ ಅನ್ನಬೇಡಿ. "ಅವ್ವಾ, ಎಣ್ಣಿ ಚಲೋ ನೋಡಕೊಂಡಿ. ಇನ್ನ ಮ್ಯಾಲೆ ಹೇಮಾ ಕಡ್ಡಿ ನೋಡಿ ಹೇಳ್ತಾಳ, ಆಕಿ ಸಾಕು ಅಂದ ಕೂಡ್ಲೆ ನಿಲ್ಲಿಸು" ಎನ್ನಿ. ಹಾಕುವ ಕೈ ಅವರದೇ ಇರಲಿ. ನೋಡುವ ಕಣ್ಣು ನನ್ನದಾಗಲಿ. ಸ್ಪೀಕರಿನಲ್ಲಿಯೇ ಹೇಳಿ, ಊರವರೂ ಕೇಳಲಿ, ಅವರಿಗೆ ಖುಷಿಯಾಗುತ್ತದೆ.

೧೨ ಜನವರಿ

ಮಹಾಂತೇಶ ನಾಡಿದ್ದು ಹೊರಡುವುದು ಖಚಿತ ಎನ್ನುತ್ತಾನೆ. ಈ ಸಲ ಚೀಲ ತುಂಬಿದ್ದನ್ನು ಕಣ್ಣಾರೆ ನೋಡಿದೆ. ಅವನ ಕೈಯಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಸವಣೂರಿನ ಖಾರ ಕಳಿಸಿದ್ದೇನೆ. ರೊಟ್ಟಿಗೆ ಯಾವ ವಾಸನೆಯೂ ಇಲ್ಲ, ಮೂಸಿ ನೋಡಿಯೇ ಕಟ್ಟಿದ್ದೇನೆ. ಖಾರವನ್ನು ಒಂದೇ ಸಲ ತಿನ್ನಬೇಡಿ, ಹೊಟ್ಟೆ ನಿಮ್ಮದು ಮೊದಲೇ ಸೂಕ್ಷ್ಮ. ಚಿಕ್ಕೇರೂರಿನಿಂದ ನನ್ನ ಅವ್ವ ಬಂದು ಎರಡು ದಿನ ಇದ್ದು ಹೋದಳು. ನನ್ನನ್ನು ನೋಡಿ "ಸೊರಗೀಯಲ್ಲ" ಎಂದಳು. ಗಾಡಿಯ ಗಾಳಿ ಎಂದೆ.

ಶೈಲಾ ಕನ್ನಡ ಪಾಠ ಓದುವಾಗ ಈಗ ತಡವರಿಸುವುದಿಲ್ಲ. ನಿಮ್ಮ ಲಾರಿಯ ಚಿತ್ರ ಬರೆದಿದ್ದಾಳೆ, ಈ ಪತ್ರದ ಜೊತೆ ಮಡಚಿ ಇಟ್ಟಿದ್ದೇನೆ. ಅದರಲ್ಲಿ ನೀರು ಆಕಾಶದವರೆಗೆ ಚಿಮ್ಮಿದೆ. ಅತ್ತೆ ನಿಮಗೆ ಆಶೀರ್ವಾದ ಹೇಳಲು ಹೇಳಿದ್ದಾರೆ, "ಎಣ್ಣಿ ತುಂಬ ಐತಿ ಅಂತ ಬರಿ" ಎಂದೂ ಹೇಳಿದ್ದಾರೆ. ಬರೆದಿದ್ದೇನೆ.

ನೀವು ಕೊರೆದಲ್ಲೆಲ್ಲ ನೀರು ಸಿಗಲಿ. ಮಷಿನಿನ ಹತ್ತಿರ ಕೈ ಜೋಪಾನ. ಹೋದ ಹಾಗೆಯೇ ಮೈ ಕೈ ನೆಟ್ಟಗೆ ಇಟ್ಟುಕೊಂಡು ಬನ್ನಿ.

ಹೇಮಾ

ಮಡಚಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅತ್ತೆ ಆ ದಿನ ಬಾಗಿಲ ಮಾತು ಎತ್ತಿದಾಗಿನಿಂದ ಅದು ನನ್ನ ಒಳಗೇ ಇದೆ. ನೀವು ಹೊರಟ ಬೆಳಿಗ್ಗೆ ಅತ್ತೆಗೆ ಎಣ್ಣೆಯ ಮಾತು ಹೇಳಿದಿರಿ. ಶೈಲಾಳಿಗೆ "ಸಾಲಿ ತಪ್ಪಿಸಬ್ಯಾಡ" ಎಂದಿರಿ. ಕಾಕಾನಿಗೆ ಹೊಲದ ಬದುವಿನ ಮಾತು ಹೇಳಿದಿರಿ. ನಾನು ಬುತ್ತಿಯ ಚೀಲ ಹಿಡಿದು ಅದೇ ಬಾಗಿಲಲ್ಲಿ ಕೊನೆಗೆ ನಿಂತಿದ್ದೆ. ನೀವು ನನ್ನ ಕೈಯಿಂದ ಚೀಲ ತೆಗೆದುಕೊಂಡಿರಿ, ಬಸ್ಸಿನ ಹಾರ್ನ್ ಕೇಳಿಸಿತು, ಹೋದಿರಿ. ಓಣಿಯ ತಿರುವಿನಲ್ಲಿ ಹೊರಳಿ ನೋಡುತ್ತೀರಿ ಎಂದು ಅತ್ತೆ ಒಳಗೆ ಕರೆಯುವವರೆಗೂ ನಿಂತಿದ್ದೆ. ನಿಮ್ಮನ್ನು ದೂರಲು ಬರೆಯುತ್ತಿಲ್ಲ, ನೀವೂ ಮಾತಿನವರಲ್ಲ, ನಾನೂ ಅಲ್ಲ. ಆದರೆ ಅತ್ತೆಯ ಹತ್ತಿರ ಹಿಡಿದುಕೊಳ್ಳಲು ನಿಮ್ಮದೊಂದು ಮಾತು ಇದೆ. ನನ್ನ ಹತ್ತಿರ ಇಲ್ಲ. ಏನಾದರೂ ಒಂದನ್ನು, ಎಂಥ ಸಣ್ಣದನ್ನಾದರೂ, ಕಮ್ಮಿ ಆಗಾಕ ಬಿಡಬ್ಯಾಡ ಎಂದು ನನಗೂ ಹೇಳಿ ಹೋಗಿದ್ದರೆ, ನಾನೂ ಅದನ್ನು ಅಮಾವಾಸ್ಯೆಗೊಮ್ಮೆ ಬಾಯಿಯ ತನಕ ತುಂಬುತ್ತಿದ್ದೆ.